ಕೈಸನ್ನೆ ಮಾಡಿಸಿ ಇಂಗ್ಲಿಷ್ ಕಲಿಸಬಹುದಾ?

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ತೆಗೆದುಕೊಳ್ಳುತ್ತೇನೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಇಂಗ್ಲಿಷ್ ಪದ ಇವತ್ತು ಹೇಳಿಕೊಟ್ಟರೆ ನಾಳೆಗೆ ಮರೆತಿರುತ್ತಾರೆ. ಅಮೆರಿಕದ ಒಂದು ವಿಡಿಯೊದಲ್ಲಿ, ಕಿವಿ ಚೆನ್ನಾಗಿ ಕೇಳುವ ಮಕ್ಕಳಿಗೂ ಸಂಜ್ಞಾ ಭಾಷೆ ಕಲಿಸಿ ಅದರ ಜೊತೆ ಪದ ಕಲಿಸುವುದನ್ನು ನೋಡಿದೆ. ಇದು ನಿಜವಾಗಿ ಕೆಲಸ ಮಾಡುತ್ತದಾ? ಮಾಡುವುದಾದರೆ ಯಾವ ದೇಶದ ಸಂಜ್ಞಾ ಭಾಷೆ ಬಳಸಬೇಕು? ನಾಲ್ಕು ದಿನ ಪ್ರಯತ್ನ ಮಾಡಿದ್ದಕ್ಕೇ ಒಬ್ಬ ಪೋಷಕರು ಬಂದು "ಮಾತು ಬರೋ ಮಕ್ಕಳಿಗೆ ಕೈಸನ್ನಿ ಯಾಕ್ರೀ ಟೀಚರ್?" ಅಂದರು. ಎರಡನೇ ತರಗತಿಯಲ್ಲಿ ಕಿವಿ ಸ್ವಲ್ಪ ಮಂದ ಅನ್ನಿಸುವ ಹುಡುಗಿಯೂ ಒಬ್ಬಳಿದ್ದಾಳೆ. ಅವಳಿಗೆ ಇದರಿಂದ ಅನುಕೂಲ ಆಗುತ್ತದಾ?

ಉತ್ತರ:

ಟೀಚರ್, ನಮಸ್ಕಾರ. ಕೆಲಸ ಮಾಡುತ್ತದೆ, ಧೈರ್ಯವಾಗಿ ಮಾಡಿ. ಆದರೆ ಸನ್ನೆ ಮಾಡಬೇಕಾದವರು ಮಕ್ಕಳು. ನಾನು ನೋಡಿರುವ ಹೆಚ್ಚಿನ ತರಗತಿಗಳಲ್ಲಿ ಇದು ಉಲ್ಟಾ ಆಗಿರುತ್ತದೆ. ಟೀಚರ್ ಮುಂದೆ ನಿಂತು ಚೆಂದವಾಗಿ ಅಭಿನಯ ಮಾಡುತ್ತಾರೆ, ಮಕ್ಕಳು ಕೈಕಟ್ಟಿ ಕೂತು ನೋಡುತ್ತಾರೆ. ಪಾಠ ಮುಗಿದ ಮೇಲೆ ಎಲ್ಲರಿಗೂ ಖುಷಿ, ಮಾರನೇ ದಿನ ಕೇಳಿದರೆ ಅದೇ ಮೌನ.

ಮಕ್ಕಳೇ ಮಾಡಬೇಕು ಅನ್ನುವುದಕ್ಕೆ ಆಧಾರ ಇದೆ. ಫ್ರಾನ್ಸ್‌ನಲ್ಲಿ ಮಾರಿಯೊನ್ ತೆಲಿಯೇ ಅನ್ನುವ ಸಂಶೋಧಕಿ 2008ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಫ್ರೆಂಚ್ ಮಾತಾಡುವ, ಸುಮಾರು ಐದು ವರ್ಷದ 20 ಮಕ್ಕಳಿಗೆ ಎಂಟು ಇಂಗ್ಲಿಷ್ ಪದ ಕಲಿಸಿದ್ದು. ಒಂದು ಗುಂಪಿಗೆ ಚಿತ್ರ ತೋರಿಸಿ, ಇನ್ನೊಂದು ಗುಂಪಿಗೆ ಸನ್ನೆ ತೋರಿಸಿ, ಅದನ್ನು ಮಕ್ಕಳ ಕೈಯಲ್ಲೂ ಮಾಡಿಸಿ. ಪದವನ್ನು ತಾವೇ ನೆನಪು ಮಾಡಿಕೊಂಡು ಬಾಯಿಬಿಟ್ಟು ಹೇಳುವುದರಲ್ಲಿ ಸನ್ನೆ ಮಾಡಿದ ಮಕ್ಕಳು ಮುಂದಿದ್ದರು. ನಮ್ಮ ತೊಂದರೆಯೂ ಅಲ್ಲೇ ಇರೋದು ಅಲ್ವಾ? "ಸ್ನೇಕ್ ಯಾವುದು ತೋರಿಸು" ಅಂದರೆ ಚಿತ್ರದ ಮೇಲೆ ಬೆರಳಿಡುತ್ತಾರೆ. "ಇದಕ್ಕೆ ಇಂಗ್ಲಿಷಲ್ಲಿ ಏನಂತಾರೆ" ಅಂದರೆ ಬಾಯಿ ಕಟ್ಟಿಬಿಡುತ್ತದೆ.

ಎರಡನೇ ವಿಷಯ, ಸನ್ನೆ ಅರ್ಥಕ್ಕೆ ಹೊಂದಬೇಕು. ಅಮೆರಿಕದಲ್ಲಿ ಸ್ಪೆನ್ಸರ್ ಕೆಲ್ಲಿ ಮತ್ತು ಜೊತೆಗಾರರು ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಜಪಾನಿ ಕ್ರಿಯಾಪದ ಕಲಿಸಿ ನೋಡಿದರು. 'ಕುಡಿ' ಅನ್ನುವ ಪದಕ್ಕೆ ಕುಡಿಯುವ ಸನ್ನೆ ಮಾಡಿದಾಗ ನೆನಪು ಚೆನ್ನಾಗಿ ಉಳಿಯಿತು. ಅದೇ ಪದಕ್ಕೆ ತೊಳೆಯುವ ಥರದ ಸಂಬಂಧವಿಲ್ಲದ ಸನ್ನೆ ಮಾಡಿದಾಗ, ಸನ್ನೆಯೇ ಇಲ್ಲದೆ ಕಲಿತದ್ದಕ್ಕಿಂತಲೂ ಕಡೆಯಾಯಿತು. ಮಾನುವೆಲಾ ಮಚೆದೊನಿಯಾ ಅನ್ನುವವರು 2011ರಲ್ಲಿ ಹೊಸದಾಗಿ ಕಟ್ಟಿದ ಒಂದು ಕೃತಕ ಭಾಷೆಯ ಪದಗಳನ್ನಿಟ್ಟುಕೊಂಡು ಇಂಥದ್ದೇ ಪರೀಕ್ಷೆ ಮಾಡಿದಾಗಲೂ ಅರ್ಥವಿಲ್ಲದ ಸನ್ನೆಗಿಂತ ಅರ್ಥ ತೋರಿಸುವ ಸನ್ನೆಯೇ ಗೆದ್ದಿತು. ಹಾಗಾಗಿ ಸುಮ್ನೆ ಕೈ ಬೀಸಿಸಿದರೆ ಮಕ್ಕಳಿಗೆ ಒಳ್ಳೇ ವ್ಯಾಯಾಮ ಆಗುತ್ತದೆ, ಅಷ್ಟೇ.

ಹಾಗಂತ ಇದನ್ನು ಚಿತ್ರಕ್ಕಿಂತ ದೊಡ್ಡದು ಅಂತ ಹೊತ್ತು ಮೆರೆಸುವುದೂ ಬೇಡ. ಜರ್ಮನಿಯಲ್ಲಿ ಎಂಟು ವರ್ಷದ ಶಾಲಾಮಕ್ಕಳಿಗೆ ಇಂಗ್ಲಿಷ್ ಪದ ಕಲಿಸಿದ ಅಧ್ಯಯನವೊಂದು 2020ರಲ್ಲಿ ಬಂತು. ಬರೀ ಕೇಳಿ ಕಲಿತ ಪದಗಳಿಗಿಂತ, ಸನ್ನೆ ಮಾಡಿ ಕಲಿತವೂ ಚಿತ್ರ ನೋಡಿ ಕಲಿತವೂ ಚೆನ್ನಾಗಿ ಉಳಿದಿದ್ದವು. ತಿಂಗಳುಗಳ ನಂತರ ಕೇಳಿದಾಗಲೂ ಹಾಗೇ ಇತ್ತು. ಆದರೆ ಸನ್ನೆಯೂ ಚಿತ್ರವೂ ಹೆಚ್ಚು ಕಡಿಮೆ ಸಮಸಮ. ನನಗೆ ಇದು ಬೇಜಾರಿನ ಸುದ್ದಿ ಅನ್ನಿಸಲಿಲ್ಲ. ಫ್ಲ್ಯಾಶ್ ಕಾರ್ಡ್ ಮಾಡಲು ಡ್ರಾಯಿಂಗ್ ಶೀಟ್ ತರಬೇಕು, ಚಿತ್ರ ಬರೆಯಬೇಕು, ಮಳೆಗಾಲದಲ್ಲಿ ಅವು ಮುದುರಿಕೊಳ್ಳುತ್ತವೆ, ವರ್ಷ ಮುಗಿಯುವಷ್ಟರಲ್ಲಿ ಅರ್ಧ ಕಳೆದಿರುತ್ತವೆ. ಕೈ ಎಲ್ಲ ಮಕ್ಕಳ ಹತ್ತಿರವೂ ಎರಡೆರಡಿದೆ. ಇನ್ನು 'ಕ್ವಿಕ್ಲಿ', 'ಟುಗೆದರ್', 'ವೇಟ್' ಇಂಥವಕ್ಕೆ ಚಿತ್ರ ಬರೆಯುವುದು ಹೇಗೆ? ಸನ್ನೆ ಮಾಡುವುದು ಸುಲಭ.

ಈಗ ನೀವು ನೋಡಿದ ವಿಡಿಯೊ ವಿಷಯ. ಅಮೆರಿಕದಲ್ಲಿ ಮರಿಲಿನ್ ಡೇನಿಯಲ್ಸ್ ಅನ್ನುವವರು 1990ರ ದಶಕದಿಂದಲೂ ಪುಟ್ಟ ತರಗತಿಗಳಲ್ಲಿ, ಕಿವಿ ಕೇಳುವ ಮಕ್ಕಳಿಗೆ ಅಮೆರಿಕನ್ ಸಂಜ್ಞಾ ಭಾಷೆ ಕಲಿಸಿ, ಅವರ ಇಂಗ್ಲಿಷ್ ಪದಸಂಪತ್ತು ಹೆಚ್ಚಿತು ಎಂದು ಬರೆದಿದ್ದಾರೆ. ಆ ಥರದ ವಿಡಿಯೊಗಳ ಹಿಂದೆ ಹೆಚ್ಚಾಗಿ ಈ ಕೆಲಸದ ನೆರಳಿರುತ್ತದೆ. ಆದರೆ ಅಲ್ಲಿನ ಬಹುಪಾಲು ಮಕ್ಕಳಿಗೆ ಇಂಗ್ಲಿಷ್ ಮನೆಮಾತು. ಬೆಳಿಗ್ಗೆ ಎದ್ದಾಗಿನಿಂದ ಕಿವಿಗೆ ಬೀಳುವ ಭಾಷೆ. ನಿಮ್ಮ ಮಕ್ಕಳು ದಿನಕ್ಕೆ ಒಂದು ಪೀರಿಯಡ್ ಇಂಗ್ಲಿಷ್ ಕೇಳಿ ಮನೆಗೆ ಹೋಗುತ್ತಾರೆ. ಅಲ್ಲಿನ ಫಲಿತಾಂಶವನ್ನು ಹಾಗೇ ಇಲ್ಲಿಗೆ ತಂದು ಅಂಟಿಸಲು ಬರುವುದಿಲ್ಲ.

ನಿಮ್ಮ ಪರಿಸ್ಥಿತಿಗೆ ಹತ್ತಿರದ ಉದಾಹರಣೆ ಕೆನಡಾದ್ದು. ಅಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ಶಾಲೆಯಲ್ಲಿ ಫ್ರೆಂಚ್ ಕಲಿಯಬೇಕು. ವೆಂಡಿ ಮ್ಯಾಕ್ಸ್‌ವೆಲ್ ಎಂಬ ಟೀಚರ್ ಪದಕ್ಕೊಂದು ಸನ್ನೆ ಇಟ್ಟು, ಕಥೆ-ನಾಟಕಗಳ ಮೂಲಕ ಫ್ರೆಂಚ್ ಕಲಿಸುವ ಒಂದು ಪದ್ಧತಿಯನ್ನೇ ಕಟ್ಟಿದರು. 'ಏಮ್' ಅಂತ ಕರೆಯುತ್ತಾರೆ. ತುಂಬ ಶಾಲೆಗಳು ತೆಗೆದುಕೊಂಡವು, ಟೀಚರುಗಳೂ ಮೆಚ್ಚಿದರು. 2009ರಲ್ಲಿ ಒಂಟಾರಿಯೊ ಪ್ರಾಂತ್ಯದ ಎಂಟನೇ ತರಗತಿಯ ಮಕ್ಕಳನ್ನು ಹೋಲಿಸಿ ನೋಡಿದಾಗ ಮಾತ್ರ ಏಮ್ ತರಗತಿಗೂ ಮಾಮೂಲಿ ತರಗತಿಗೂ ಫ್ರೆಂಚ್ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು: ಸನ್ನೆ ಪದವನ್ನು ತಲೆಯಲ್ಲಿ ಗಟ್ಟಿ ಮಾಡುತ್ತದೆ. ಭಾಷೆ ಬರಬೇಕಾದರೆ ಆ ಪದಗಳಿಗೆ ದಿನವೂ ಕೆಲಸ ಸಿಗಬೇಕು. ಅದನ್ನು ಸನ್ನೆ ಮಾಡಿಕೊಡುವುದಿಲ್ಲ, ನೀವು ಮಾಡಿಕೊಡಬೇಕು.

ಯಾವ ಸಂಜ್ಞಾ ಭಾಷೆ ಅನ್ನುವುದಕ್ಕೆ ಬರುತ್ತೇನೆ. ಇಲ್ಲಿ ತುಂಬ ಜನರಿಗೆ ಒಂದು ತಪ್ಪು ಕಲ್ಪನೆ ಇದೆ, ಪ್ರಪಂಚಕ್ಕೆಲ್ಲ ಒಂದೇ ಸಂಜ್ಞಾ ಭಾಷೆ ಅಂತ. ಹಾಗಿಲ್ಲ. ಅಮೆರಿಕದವರೂ ಬ್ರಿಟನ್‌ನವರೂ ಮಾತಾಡುವುದು ಇಂಗ್ಲಿಷೇ ಆದರೂ ಎರಡು ದೇಶದ ಕಿವುಡರ ಸಂಜ್ಞಾ ಭಾಷೆಗಳು ಬೇರೆ ಬೇರೆ, ಕಲಿಯದೆ ಅರ್ಥವಾಗುವುದಿಲ್ಲ. ಅಮೆರಿಕದ್ದು ಹುಟ್ಟಿನಲ್ಲಿ ಫ್ರೆಂಚ್ ಸಂಜ್ಞಾ ಭಾಷೆಗೆ ಹತ್ತಿರ. 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಕಿವುಡರ ಶಾಲೆ ಶುರುವಾದಾಗ ಪಾಠ ಹೇಳಿದವರಲ್ಲಿ ಪ್ಯಾರಿಸ್‌ನಿಂದ ಬಂದ ಲೊರಾನ್ ಕ್ಲೆರ್ ಮುಖ್ಯರು. ನಮ್ಮಲ್ಲಿ ಭಾರತೀಯ ಸಂಜ್ಞಾ ಭಾಷೆ ಇದೆ. ಅದಕ್ಕೆ ತನ್ನದೇ ವ್ಯಾಕರಣ ಇದೆ. 'ನಿನ್ನ ಹೆಸರೇನು' ಅಂತ ಕೇಳುವಾಗ 'ಏನು' ಅನ್ನುವ ಸನ್ನೆ ಕೊನೆಗೆ ಬರುತ್ತದೆ, ನಾವು ಕನ್ನಡದಲ್ಲಿ ಕೇಳುವ ಹಾಗೇ. ಇಂಗ್ಲಿಷಲ್ಲಿ 'ವಾಟ್' ಮೊದಲೇ ಬಂದು ಕೂರುತ್ತದೆ. ಬಾಯಲ್ಲಿ ಇಂಗ್ಲಿಷ್ ವಾಕ್ಯ, ಕೈಯಲ್ಲಿ ಅದೇ ಹೊತ್ತಿಗೆ ಸರಿಯಾದ ಸಂಜ್ಞಾ ಭಾಷೆಯ ವಾಕ್ಯ, ಎರಡನ್ನೂ ಒಟ್ಟಿಗೆ ಯಾರೂ ನಿಭಾಯಿಸಲಾರರು. ನೀವು ಮಾಡಲು ಹೊರಟಿರುವುದು ವಾಕ್ಯದಲ್ಲಿ ಒಂದೋ ಎರಡೋ ಮುಖ್ಯ ಪದಕ್ಕೆ ಮಾತ್ರ ಸನ್ನೆ ಇಡುವುದು. ಅದನ್ನು ಸಂಜ್ಞಾ ಭಾಷೆ ಕಲಿಸುತ್ತಿದ್ದೇನೆ ಅಂತ ಹೇಳಿಕೊಳ್ಳಬೇಡಿ. ಕಿವುಡ ಸಮುದಾಯದವರಿಗೆ ಇದು ಸೂಕ್ಷ್ಮ ವಿಷಯ, ಅವರ ಮಾತಿನಲ್ಲಿ ನ್ಯಾಯವೂ ಇದೆ.

ಅಮೆರಿಕದ ಸನ್ನೆಗಳನ್ನು ವಿಡಿಯೊ ನೋಡಿ ಹಾಗೇ ಎತ್ತಿಕೊಳ್ಳುವುದಕ್ಕೆ ನನ್ನ ತಕರಾರಿದೆ. ಅಲ್ಲಿ 'ವಾಟರ್' ಅನ್ನಲು ಮೂರು ಬೆರಳು ಬಿಡಿಸಿ ಗದ್ದಕ್ಕೆ ತಟ್ಟುತ್ತಾರೆ. ಆ ಮೂರು ಬೆರಳು ಇಂಗ್ಲಿಷಿನ ಡಬ್ಲ್ಯೂ ಅಕ್ಷರ. 'ಆಪಲ್' ಅನ್ನಲು ಮಡಿಸಿದ ತೋರುಬೆರಳಿನ ಗೆಣ್ಣನ್ನು ಕೆನ್ನೆಗೆ ಒತ್ತಿ ತಿರುಗಿಸುತ್ತಾರೆ. ಡಬ್ಲ್ಯೂ ಅಕ್ಷರವೇ ಗೊತ್ತಿಲ್ಲದ ಒಂದನೇ ತರಗತಿ ಮಗುವಿಗೆ ಇದರಲ್ಲಿ ನೀರೂ ಕಾಣುವುದಿಲ್ಲ, ಸೇಬೂ ಕಾಣುವುದಿಲ್ಲ. ಪದದ ಜೊತೆಗೆ ಸನ್ನೆಯನ್ನೂ ಬಾಯಿಪಾಠ ಮಾಡಬೇಕು, ಡಬಲ್ ಕೆಲಸ. ಇನ್ನೊಂದು ತಮಾಷೆ ಹೇಳುತ್ತೇನೆ. ಅಮೆರಿಕದ ಬೆರಳಕ್ಷರದಲ್ಲಿ 'ಐ' ಅಂದರೆ ಕಿರುಬೆರಳು ಎತ್ತುವುದು. ನಮ್ಮ ತರಗತಿಯಲ್ಲಿ ಕಿರುಬೆರಳು ಎತ್ತಿದರೆ ಏನರ್ಥ ಅಂತ ನಿಮಗೆ ನಾನು ಹೇಳಬೇಕಾ? ನೀವು 'ಐ' ಅಂತ ಕಲಿಸುವಷ್ಟರಲ್ಲಿ ಅರ್ಧ ಮಕ್ಕಳು ಹೊರಗೆ ಓಡಲು ಎದ್ದು ನಿಂತಿರುತ್ತಾರೆ.

ನನ್ನ ಸಲಹೆ ಹೀಗಿದೆ. ಮಕ್ಕಳು ಊರಿನಲ್ಲಿ, ಮನೆಯಲ್ಲಿ ಈಗಾಗಲೇ ಮಾಡುವ ಸನ್ನೆ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಭಾರತೀಯ ಸಂಜ್ಞಾ ಭಾಷೆಯಲ್ಲಿ ಆ ಪದಕ್ಕೆ ಏನಿದೆ ಅಂತ ನೋಡಿ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇದೆ. ಅವರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ರ ಹೊತ್ತಿಗೆ 10,000 ಮುಟ್ಟಿತು. ಪ್ರತಿ ಪದಕ್ಕೂ ವಿಡಿಯೊ ಇದೆ, 'ಸೈನ್ ಲರ್ನ್' ಅಂತ ಮೊಬೈಲ್ ಆ್ಯಪ್ ಕೂಡ ಇದೆ. ಅಲ್ಲಿನ ಸನ್ನೆ ನೋಡಿದ ತಕ್ಷಣ ಮಕ್ಕಳಿಗೆ ಅರ್ಥ ಹೊಳೆಯುವಂತಿದ್ದರೆ ಬಳಸಿ. ಹೊಳೆಯದಿದ್ದರೆ ಮಕ್ಕಳನ್ನೇ ಕೇಳಿ, "ಇದಕ್ಕೆ ಕೈಯಲ್ಲಿ ಏನು ಮಾಡೋಣ?" ಅವರು ಒಪ್ಪಿಕೊಂಡ ಸನ್ನೆ ಬೇಗ ಕೂರುತ್ತದೆ. ಕಿವಿ ಮಂದ ಇರುವ ಹುಡುಗಿ ತರಗತಿಯಲ್ಲಿರುವುದರಿಂದ, ಎರಡರಲ್ಲಿ ಒಂದನ್ನು ಆರಿಸುವಾಗ ಭಾರತೀಯ ಸಂಜ್ಞಾ ಭಾಷೆಯ ಕಡೆಗೆ ಸ್ವಲ್ಪ ವಾಲಿ. ಮುಂದೆ ಅವಳಿಗೆ ಅದು ಬೇಕಾದರೆ, ಗೆಳತಿಯರಿಗೂ ನಾಲ್ಕಾರು ಸನ್ನೆ ಗೊತ್ತಿರುತ್ತದೆ.

ಊರಿನ ಸನ್ನೆ ಅಂದೆನಲ್ಲ, ಅದಕ್ಕೆ ಬಿಸಿಯೂಟದ ಹೊತ್ತಿಗಿಂತ ಒಳ್ಳೆಯ ಜಾಗ ಇಲ್ಲ. ಅಡುಗೆಯವರು ಸಾರಿನ ಬಕೆಟ್ ಹಿಡಿದು ಸಾಲಿನಲ್ಲಿ ಬರುತ್ತಾರೆ. ಸಾಕು ಅನ್ನಿಸಿದ ಮಗು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತದೆ. ಇದನ್ನು ಯಾರೂ ಕಲಿಸಿಲ್ಲ, ಮದುವೆಮನೆಯ ಪಂಕ್ತಿಯಲ್ಲಿ ಅಪ್ಪನ ಪಕ್ಕ ಕೂತು ಕಲಿತದ್ದು. ಆ ಕೈಗೆ 'ಇನಫ್' ಅನ್ನುವ ಪದ ಜೋಡಿಸಿ. ಇನ್ನೂ ಬೇಕು ಅನ್ನಲು ತಟ್ಟೆಯನ್ನು ಮುಂದೆ ಚಾಚುತ್ತಾರೆ, ಅದಕ್ಕೆ 'ಮೋರ್'. ಸ್ವಲ್ಪ ಸಾಕು ಅನ್ನಲು ಹೆಬ್ಬೆರಳು-ತೋರುಬೆರಳ ಮಧ್ಯೆ ಚೂರೇ ಚೂರು ಜಾಗ ಬಿಡುತ್ತಾರೆ, 'ಎ ಲಿಟಲ್'. ಮೊದಲ ವಾರ ಈ ಮೂರೇ ಪದ. ಅಡುಗೆಯವರಿಗೂ ಹೇಳಿಡಿ, ಬಾಯಲ್ಲಿ ಪದ ಬರುವ ತನಕ ಸೌಟು ಬಗ್ಗಿಸಬಾರದು. ಅವರಿಗೂ ಇದು ಖುಷಿಯೇ. ಆದರೆ ಹಸಿದ ಮಗುವನ್ನು ಜಾಸ್ತಿ ಕಾಯಿಸಬೇಡಿ. ಸನ್ನೆ ಮಾಡಿತು, ಪದ ಬರಲಿಲ್ಲ ಅಂದರೆ ಅಡುಗೆಯವರೇ 'ಮೋರ್' ಅಂದು ಬಡಿಸಲಿ, ನಾಳೆ ಬರುತ್ತದೆ.

ತರಗತಿಯೊಳಗೆ ಹೇಗೆ ಮಾಡಬೇಕು ಅಂತ ಒಂದು ಪದ ಹಿಡಿದು ಹೇಳುತ್ತೇನೆ. 'ಪುಶ್' ತೆಗೆದುಕೊಳ್ಳಿ. ಮೊದಲು ಬಾಗಿಲನ್ನೋ ಬೆಂಚನ್ನೋ ನಿಜವಾಗಿ ತಳ್ಳುತ್ತಾ 'ಪುಶ್' ಅನ್ನಿ. ಮಕ್ಕಳೂ ತಳ್ಳಲಿ, ಹೇಳಲಿ. ಆಮೇಲೆ ಗಾಳಿಯಲ್ಲಿ ಎರಡು ಅಂಗೈ ಮುಂದೆ ಚಾಚಿ ತಳ್ಳುವ ಸನ್ನೆ, ಜೊತೆಗೆ ಪದ. ನಂತರ ನೀವು ಪದ ಮಾತ್ರ ಹೇಳಿ, ಕೈ ಆಡಿಸಬೇಡಿ. ಮಕ್ಕಳು ಸನ್ನೆ ಮಾಡಬೇಕು. ಯಾರಿಗೆ ಅರ್ಥವಾಗಿದೆ, ಯಾರು ಪಕ್ಕದವರನ್ನು ನೋಡಿ ಮಾಡುತ್ತಿದ್ದಾರೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮೂವತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಕೇಳುವ ಕೆಲಸ ತಪ್ಪಿತು. ಇಷ್ಟಾದ ಮೇಲೆ ಅದರ ಉಲ್ಟಾ: ನೀವು ಬಾಯಿ ಮುಚ್ಚಿಕೊಂಡು ಸನ್ನೆ ಮಾತ್ರ ಮಾಡಿ, ಮಕ್ಕಳು ಪದ ಹೇಳಬೇಕು. ತುಂಬ ಜನ ಟೀಚರುಗಳು ಈ ಹಂತವನ್ನು ಬಿಟ್ಟುಬಿಡುತ್ತಾರೆ. ಪದ ಬಾಯಿಗೆ ಬರುವುದು ಇಲ್ಲೇ. ನೀವು ಸುಮ್ಮನಿದ್ದಾಗ ಮಾತ್ರ ಮಗುವಿಗೆ ತಾನೇ ತಲೆಯೊಳಗೆ ಹುಡುಕಬೇಕಾದ ಪರಿಸ್ಥಿತಿ ಬರುತ್ತದೆ.

ಮಾರನೇ ದಿನ ಐದು ನಿಮಿಷ ಅದೇ ಪದಗಳು. ಎರಡು ದಿನ ಬಿಟ್ಟು ಮತ್ತೆ. ಬರಬರುತ್ತಾ ಸನ್ನೆ ಚಿಕ್ಕದಾಗಲಿ. ಎರಡು ಕೈ ಚಾಚುತ್ತಿದ್ದದ್ದು ಎರಡು ಬೆರಳಿಗೆ ಇಳಿಯಲಿ. ಕೊನೆಗೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೇಳುವ ಆಟ ಆಡಿಸಿ. ಸೈಕಲ್ ಕಲಿಯುವಾಗ ಹಿಂದೆ ಹಿಡಿದುಕೊಂಡ ಕೈ ಇದ್ದ ಹಾಗೆ ಇದು, ಯಾವಾಗಲೋ ಬಿಡಲೇಬೇಕು. ಬಿಡಿಸದಿದ್ದರೆ ಸನ್ನೆ ಕಂಡರೆ ಮಾತ್ರ ಪದ ಹೇಳುವ ಅಭ್ಯಾಸ ಆಗಿಬಿಡುತ್ತದೆ. ಪುಸ್ತಕದಲ್ಲಿ ಅದೇ ಪದ ಸಿಕ್ಕಿದರೆ ಗುರುತು ಹತ್ತುವುದಿಲ್ಲ.

ಕ್ರಿಯಾಪದದಿಂದ ಶುರು ಮಾಡಿ. ಪುಶ್, ಪುಲ್, ಓಪನ್, ಕ್ಲೋಸ್, ಗಿವ್, ಟೇಕ್, ಥ್ರೋ, ಕ್ಯಾಚ್. ಟ್ರೇನಿಂಗಿನಲ್ಲಿ ಟಿಪಿಆರ್ (ಟೋಟಲ್ ಫಿಸಿಕಲ್ ರೆಸ್ಪಾನ್ಸ್) ಅಂತ ಹೇಳಿರುತ್ತಾರಲ್ಲ, ಜೇಮ್ಸ್ ಆಷರ್ 1960ರ ದಶಕದಲ್ಲಿ ರೂಪಿಸಿದ್ದು, ಅದರ ತಳಹದಿಯೂ ಇದೇ: ಆಜ್ಞೆ ಕೇಳು, ಮೈಯಿಂದ ಮಾಡಿ ತೋರಿಸು. ಹೊರದೇಶದಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುವ ನಮ್ಮವರೂ 'ಬಾ', 'ಕೂತ್ಕೋ', 'ಕೊಡು' ಅಂತಲೇ ಶುರು ಮಾಡುತ್ತಾರೆ. ಪ್ರಾಣಿ-ಹಣ್ಣುಗಳ ಹೆಸರಿಗೆ ಸನ್ನೆ ಹುಡುಕುತ್ತಾ ಕೂರಬೇಡಿ, ಅವಕ್ಕೆ ಚಿತ್ರ ಸಾಕು. ನೋಡಿಕೊಳ್ಳಬೇಕಾದ ಒಂದು ಅಪಾಯ: ಬಾಯಿಗೆ ಕೈ ಒಯ್ಯುವ ಒಂದೇ ಸನ್ನೆಯನ್ನು 'ಈಟ್', 'ಫುಡ್', 'ಹಂಗ್ರಿ' ಮೂರಕ್ಕೂ ಬಳಸಿದರೆ ಮಕ್ಕಳು ಮೂರನ್ನೂ ಕಲಸಿಬಿಡುತ್ತಾರೆ. 'ಈಟ್'ಗೆ ಬಾಯಿಗೆ ಕೈ, 'ಹಂಗ್ರಿ'ಗೆ ಹೊಟ್ಟೆ ಒತ್ತಿಕೊಳ್ಳುವುದು, ಹೀಗೆ ಬೇರೆ ಮಾಡಿ. ಮಕ್ಕಳ ಎದುರು ನಿಂತು 'ಲೆಫ್ಟ್-ರೈಟ್' ಕಲಿಸುವಾಗ ಅವರ ಕಡೆಯೇ ಬೆನ್ನು ತಿರುಗಿಸಿ ನಿಲ್ಲಿ, ಇಲ್ಲದಿದ್ದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು ಆಗುತ್ತದೆ.

ಪದದಿಂದ ವಾಕ್ಯಕ್ಕೆ ಹೋದಾಗ ಬೆರಳುಗಳು ಬೇರೆ ರೀತಿ ನೆರವಿಗೆ ಬರುತ್ತವೆ. ಇದು ಸಂಜ್ಞಾ ಭಾಷೆ ಅಲ್ಲ, ಇಂಗ್ಲಿಷ್ ಟೀಚರುಗಳ ಹಳೇ ಉಪಾಯ. ಆದರೂ ನಿಮ್ಮ ತರಗತಿಗೆ ಎಲ್ಲಕ್ಕಿಂತ ಜಾಸ್ತಿ ಲಾಭ ಇದರಿಂದಲೇ ಅಂತ ನನ್ನ ಅಭಿಪ್ರಾಯ. ಕನ್ನಡದಲ್ಲಿ 'ಅವನು ಹುಡುಗ' ಅಂದರೆ ಮುಗಿಯಿತು. ಅದಕ್ಕೇ ಮಕ್ಕಳು 'ಹೀ ಬಾಯ್' ಅನ್ನುತ್ತಾರೆ. ತಪ್ಪು ಅಂತ ಬೈದರೆ ಏನು ತಪ್ಪಾಯಿತು ಅಂತ ಅವರಿಗೆ ಗೊತ್ತಾಗುವುದಿಲ್ಲ. ಎಡಗೈ ಎತ್ತಿ ನಾಲ್ಕು ಬೆರಳು ಬಿಡಿಸಿ. ಒಂದೊಂದು ಬೆರಳು ಮುಟ್ಟುತ್ತಾ 'ಹೀ', 'ಈಸ್', 'ಎ', 'ಬಾಯ್'. ಮಕ್ಕಳೂ ತಮ್ಮ ಬೆರಳು ಮುಟ್ಟಿಕೊಂಡು ಹೇಳಲಿ. ಯಾವುದಾದರೂ ಮಗು 'ಹೀ ಬಾಯ್' ಅಂದಾಗ ಏನೂ ಮಾತಾಡಬೇಡಿ. ಕೈ ಎತ್ತಿ ಎರಡನೇ ಬೆರಳನ್ನು ಅಲ್ಲಾಡಿಸಿ, ಸಾಕು. ಅಲ್ಲಿ ಒಂದು ಪದ ಬಿಟ್ಟುಹೋಗಿದೆ ಅಂತ ಮಗುವೇ ಹುಡುಕಿಕೊಳ್ಳುತ್ತದೆ. 'ಆನ್ ದ ಟೇಬಲ್' ಕಲಿಸುವಾಗಲೂ ಇದೇ. ನಾವು 'ಟೇಬಲ್ ಮೇಲೆ' ಅನ್ನುತ್ತೇವೆ, 'ಮೇಲೆ' ಕೊನೆಗೆ. ಇಂಗ್ಲಿಷಲ್ಲಿ ಅದು ಮುಂದೆ. ಒಂದು ಕೈ ಟೇಬಲ್, ಇನ್ನೊಂದು ಕೈ ವಸ್ತು. ಮೇಲಿಟ್ಟರೆ 'ಆನ್', ಕೆಳಗಿಟ್ಟರೆ 'ಅಂಡರ್', ಮುಷ್ಟಿಯೊಳಗೆ ಬೆರಳು ತೂರಿಸಿದರೆ 'ಇನ್'. ಈ ಮೂರು ಪದ ನಾನು ನೋಡಿದ ಮಟ್ಟಿಗೆ ಸನ್ನೆಯಿಂದ ಕಲಿತಷ್ಟು ಬೇಗ ಬೇರೆ ಯಾವುದರಿಂದಲೂ ಬರುವುದಿಲ್ಲ.

ಸ್ಪೆಲಿಂಗಿಗೆ ಭಾರತೀಯ ಮತ್ತು ಬ್ರಿಟಿಷ್ ಬೆರಳಕ್ಷರದಿಂದ ಒಂದು ಉಪಾಯವನ್ನು ಮಾತ್ರ ಎರವಲು ತನ್ನಿ. ಆ ಎರಡರಲ್ಲೂ ಅಕ್ಷರಗಳನ್ನು ಎರಡು ಕೈಯಿಂದ ತೋರಿಸುತ್ತಾರೆ. ಇಂಗ್ಲಿಷಿನ ಐದು ಸ್ವರಗಳು ಎಡಗೈಯ ಐದು ಬೆರಳ ತುದಿಯಲ್ಲಿ ಕೂತಿವೆ. ಹೆಬ್ಬೆರಳು ಎ, ತೋರುಬೆರಳು ಇ, ನಡುಬೆರಳು ಐ, ಉಂಗುರಬೆರಳು ಓ, ಕಿರುಬೆರಳು ಯು. ಬಲಗೈ ತೋರುಬೆರಳಿನಿಂದ ಆ ತುದಿಯನ್ನು ಮುಟ್ಟಬೇಕು. ನಮ್ಮ ಮಕ್ಕಳು 'ಕಪ್' ಮತ್ತು 'ಕ್ಯಾಪ್', 'ಪೆನ್' ಮತ್ತು 'ಪ್ಯಾನ್' ಬರೆಯುವಾಗ ಎಡವುವುದು ನಡುವಿನ ಸ್ವರದಲ್ಲೇ. ನೀವು ಪದ ಹೇಳಿ, ಅವರು ಬರೆಯುವ ಮೊದಲು ಸ್ವರದ ಬೆರಳು ಮುಟ್ಟಿ ತೋರಿಸಲಿ. ಹೆಬ್ಬೆರಳು ಮುಟ್ಟಿದರಾ, ತೋರುಬೆರಳು ಮುಟ್ಟಿದರಾ ಅಂತ ದೂರದಿಂದಲೇ ಕಾಣುತ್ತದೆ. ಸ್ಲೇಟು ತಿದ್ದುವ ಕೆಲಸ ಅರ್ಧ ಕಡಿಮೆ.

ಉಚ್ಚಾರಕ್ಕೆ ಮಾತ್ರ ಕೈಯನ್ನು ನಂಬಬೇಡಿ. ಜಪಾನಿ ಭಾಷೆಯ ಹ್ರಸ್ವ-ದೀರ್ಘ ಸ್ವರಗಳನ್ನು ಇಂಗ್ಲಿಷ್ ಮಾತಿನವರಿಗೆ ಕಲಿಸಿ ನೋಡಿದ 2010ರ ಅಧ್ಯಯನದಲ್ಲಿ, ಹೇಳುವವರ ತುಟಿ ಕಂಡದ್ದು ಸಹಾಯಕ್ಕೆ ಬಂತು. ಕೈಸನ್ನೆಯಿಂದ ಹೆಚ್ಚಿನ ಲಾಭ ಆಗಲಿಲ್ಲ. 'ಝೂ' ಮತ್ತು 'ಜೂನ್'ನ ಮೊದಲ ಧ್ವನಿ ಬೇರೆ ಅಂತ ತಿಳಿಸಬೇಕಾದರೆ ಮಕ್ಕಳು ನಿಮ್ಮ ಬಾಯಿ ನೋಡಲಿ. ಹೊಸ ಧ್ವನಿ ಕಲಿಸುವ ಹೊತ್ತಿಗೆ ಕೈ ಸುಮ್ಮನಿರಲಿ, ಗಮನ ಎರಡು ಕಡೆ ಹರಿಯುತ್ತದೆ.

ಇನ್ನು ಆ ಪೋಷಕರು. "ಮಾತು ಬರೋ ಮಕ್ಕಳಿಗೆ ಕೈಸನ್ನಿ ಯಾಕೆ" ಅನ್ನುವ ಪ್ರಶ್ನೆಯ ಹಿಂದೆ ಎರಡು ಭಯ ಇರುತ್ತದೆ. ಒಂದು, ಮಗು ಮಾತು ಬಿಟ್ಟು ಸನ್ನೆಗೇ ಅಂಟಿಕೊಳ್ಳುತ್ತದೆ ಅಂತ. ಎರಡನೆಯದು ಅವರು ಬಾಯಿಬಿಟ್ಟು ಹೇಳದ್ದು, ನನ್ನ ಮಗುವನ್ನು ಜನ ಕಿವುಡ-ಮೂಗ ಅಂದುಕೊಂಡರೆ ಅಂತ. ಮೊದಲನೆಯದಕ್ಕೆ ಉತ್ತರ ಇದೆ. ಇಂಗ್ಲೆಂಡಿನಲ್ಲಿ ಎಲಿಜಬೆತ್ ಕರ್ಕ್ ಮತ್ತು ಜೊತೆಗಾರರು 40 ಶಿಶುಗಳನ್ನು ಎಂಟು ತಿಂಗಳಿನಿಂದ 20 ತಿಂಗಳ ತನಕ ನೋಡಿದರು. ಕೆಲವು ತಾಯಂದಿರು ಮಾತಿನ ಜೊತೆ ಸನ್ನೆ ಬಳಸಿದರು, ಕೆಲವರು ಬಳಸಲಿಲ್ಲ. 2013ರಲ್ಲಿ ಬಂದ ಫಲಿತಾಂಶ ಹೇಳುವುದು ಇಷ್ಟು: ಸನ್ನೆ ಬಳಸಿದ ಮಕ್ಕಳ ಮಾತು ತಡವಾಗಲಿಲ್ಲ. ಬೇಗವೂ ಬರಲಿಲ್ಲ. ಸನ್ನೆಯಿಂದ ಮಗು ಜಾಣ ಆಗುತ್ತದೆ ಅಂತ ಹೇಳಿ ಕೋರ್ಸ್ ಮಾರುವವರು ಈ ಎರಡನೇ ಭಾಗವನ್ನು ಹೇಳುವುದಿಲ್ಲ. ನಿಮ್ಮ ಮಕ್ಕಳಂತೂ ಶಿಶುಗಳಲ್ಲ, ಕನ್ನಡ ಹರಳು ಹುರಿದ ಹಾಗೆ ಮಾತಾಡುವವರು. ಅವರ ಮಾತಿಗೆ ಯಾವ ಅಪಾಯವೂ ಇಲ್ಲ.

ಎರಡನೇ ಭಯಕ್ಕೆ ಅಧ್ಯಯನ ತೋರಿಸಿ ಪ್ರಯೋಜನವಿಲ್ಲ. ಆ ಪೋಷಕರನ್ನು ಒಂದು ಸಲ ತರಗತಿಗೆ ಕರೆದು ಕೂರಿಸಿ. ಅಂಗನವಾಡಿಯಲ್ಲಿ ಅವರ ಮಗು ಅಭಿನಯ ಗೀತೆ ಹಾಡುವಾಗ ಕೈ ಆಡಿಸಿದ್ದು ನೆನಪಿಸಿ. ಆಗ ಯಾರೂ ಬೇಸರ ಮಾಡಿಕೊಂಡಿರಲಿಲ್ಲ ಅಲ್ವಾ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ದಿನ ಮಕ್ಕಳಿಂದ ಒಂದು ಪುಟ್ಟ ಪ್ರದರ್ಶನ ಮಾಡಿಸಿದರೂ ಆದೀತು. ಮೊದಲು ಸನ್ನೆ ಸಮೇತ, ಆಮೇಲೆ ಕೈ ಕಟ್ಟಿಕೊಂಡು. ಕೈ ಕಟ್ಟಿಕೊಂಡೂ ಮಗು ಇಂಗ್ಲಿಷ್ ಹೇಳಿತು ಅಂದರೆ ಪೋಷಕರ ಮುಖ ತಾನಾಗಿ ಅರಳುತ್ತದೆ. 'ಮೂಗ' ಅನ್ನುವ ಪದವನ್ನು ಮಾತ್ರ ತರಗತಿಯೊಳಗೆ ಯಾರ ಬಾಯಿಂದಲೂ ಬರಲು ಬಿಡಬೇಡಿ. ನಿಮ್ಮಲ್ಲಿ ಒಬ್ಬಳು ಹುಡುಗಿ ಕೇಳಿಸಿಕೊಳ್ಳುತ್ತಿರುತ್ತಾಳೆ.

ಆ ಹುಡುಗಿಯ ವಿಷಯ ಕೊನೆಗೆ ಬಂದರೂ ನೀವು ಮೊದಲು ಮಾಡಬೇಕಾದ ಕೆಲಸ ಅದೇ. 'ಸ್ವಲ್ಪ ಮಂದ ಅನ್ನಿಸುತ್ತದೆ' ಅಂತ ಬರೆದಿದ್ದೀರಿ. ಅನ್ನಿಸಿದರೆ ಸಾಲದು, ಪರೀಕ್ಷೆ ಆಗಬೇಕು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದ್ದರೂ, ಕಿವಿ ಸೋರುತ್ತಿದ್ದರೂ ಮಕ್ಕಳಿಗೆ ಸರಿಯಾಗಿ ಕೇಳಿಸುವುದಿಲ್ಲ. ಅವಕ್ಕೆ ಚಿಕಿತ್ಸೆ ಇದೆ. ಬೇರೆ ಕಾರಣ ಇದ್ದು ಶ್ರವಣ ಸಾಧನ ಬೇಕು ಅಂತಾದರೂ ಬೇಗ ಗೊತ್ತಾದಷ್ಟು ಒಳ್ಳೆಯದು. ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ವೈದ್ಯರ ತಂಡ ಕಿವಿಯನ್ನೂ ನೋಡುತ್ತದೆ. ನಿಮ್ಮ ಬ್ಲಾಕಿನ ಬಿಐಇಆರ್‌ಟಿಯವರಿಗೆ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರಿಗೆ, ಹೇಳಿದರೆ ಜಿಲ್ಲಾ ಆಸ್ಪತ್ರೆಯ ದಾರಿ ತೋರಿಸುತ್ತಾರೆ. ಇನ್ನೂ ವಿವರವಾದ ಪರೀಕ್ಷೆ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ತರಗತಿಯಲ್ಲಿ ಅವಳನ್ನು ನಿಮ್ಮ ಮುಖ ಕಾಣುವ ಜಾಗದಲ್ಲಿ ಕೂರಿಸಿ. ಕಿಟಕಿಗೆ ಬೆನ್ನು ಮಾಡಿ ನಿಂತು ಪಾಠ ಮಾಡಬೇಡಿ, ಬೆಳಕು ಹಿಂದಿನಿಂದ ಬಂದರೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ತಿಳಿಯುವುದಿಲ್ಲ. ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಮಾತಾಡುವ ಅಭ್ಯಾಸ ನಮಗೆಲ್ಲ ಇದೆ, ಅದನ್ನೂ ಬಿಡಿ. ಇಂಗ್ಲಿಷ್ ಪೀರಿಯಡ್‌ನ ಸನ್ನೆಗಳು ಅವಳಿಗೆ ಖಂಡಿತ ಅನುಕೂಲ. ಬಾಯಿಂದ ಅರ್ಧ ಕೇಳಿಸಿದ್ದು ಕೈಯಿಂದ ಪೂರ್ತಿಯಾಗುತ್ತದೆ. ಆದರೆ "ಇವಳಿಗೋಸ್ಕರ ಎಲ್ಲರೂ ಸನ್ನೆ ಮಾಡೋಣ" ಅಂತ ಮಕ್ಕಳ ಮುಂದೆ ಹೇಳಬೇಡಿ, ಅವಳಿಗೆ ಮುಜುಗರ.

ಪರೀಕ್ಷೆಯಲ್ಲಿ ಅವಳಿಗೆ ಸಂಜ್ಞಾ ಭಾಷೆಯೇ ಬೇಕು ಅಂತ ಗೊತ್ತಾದರೆ, ನಾನು ಮೇಲೆ ಹೇಳಿದ ಮೋರ್-ಇನಫ್ ಸನ್ನೆಗಳು ಅವಳಿಗೆ ಯಾವುದಕ್ಕೂ ಸಾಲುವುದಿಲ್ಲ. ಅವಳಿಗೆ ಪೂರ್ತಿ ಭಾಷೆ ಬೇಕು, ಅದನ್ನು ದಿನವೂ ಬಳಸುವ ಕಿವುಡರಿಂದಲೇ ಕಲಿತರೆ ಒಳ್ಳೆಯದು. ಕೇಂದ್ರ ಸರ್ಕಾರದ ಶೈಕ್ಷಣಿಕ ಟಿವಿ ಪಿಎಂ ಇ-ವಿದ್ಯಾದ 31ನೇ ಚಾನೆಲ್ ಭಾರತೀಯ ಸಂಜ್ಞಾ ಭಾಷೆಗೆಂದೇ ಇದೆ, ಅವಳ ಮನೆಯವರಿಗೂ ತೋರಿಸಬಹುದು. ಅದೆಲ್ಲ ಆಮೇಲಿನ ಮಾತು. ಆರ್‌ಬಿಎಸ್‌ಕೆ ತಂಡ ಮುಂದಿನ ಸಲ ಶಾಲೆಗೆ ಬರುವ ತನಕ ಕಾಯಬೇಡಿ. ಬಿಐಇಆರ್‌ಟಿಯವರ ನಂಬರ್ ನಿಮ್ಮ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಿರ ಇರುತ್ತದೆ, ಈ ವಾರವೇ ಫೋನ್ ಮಾಡಿ.